ತಡೀರಣ್ಣ ಕಾದ ಫೋನು

ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನನ್ನ ವ್ಯಾಪಾರಕ್ಕೇ ಕಲ್ಲು ಹಾಕುತ್ತಿದ್ದ ಮನುಷ್ಯನ ಕತೆ ಇದು. ಅವನನ್ನು ಅಲ್ಲಿಂದ ಎಬ್ಬಿಸಿ ಕಳಿಸುವುದು ನನಗೇನೂ ಕಷ್ಟವಿರಲಿಲ್ಲ. ಮೆಟ್ಟಿಲು ನನ್ನದು, ಬಾಗಿಲು ನನ್ನದು, ಒಳಗೆ ಗಾಜಿನ ಕಪಾಟಿನಲ್ಲಿ ಸಾಲಾಗಿ ಮಲಗಿರುವ ಫೋನುಗಳೂ ನನ್ನವೇ. ಆದರೂ ಎಬ್ಬಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಧರ್ಮಬುದ್ಧಿಯಿಂದ ಅಂತೂ ಅಲ್ಲ.

ಅವನ ಕಸುಬು ಬೀಗದ ಕೈ ಮಾಡುವುದು. ಮೊಣಕಾಲೆತ್ತರದ ಮೇಜು, ಅದರ ಮೇಲೆ ನಾಲ್ಕಾರು ಅರಗಳು, ಒಂದು ಇಕ್ಕಳ, ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಗಳ ಗೊಂಚಲು. ಮೇಜಿನ ಮೂಲೆಯಲ್ಲಿ, ಗಾಜು ಒಡೆದು ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡ ಒಂದು ಫೋನು. ತಂದೆ ತಾಯಿ ಇಟ್ಟ ಹೆಸರು ಏನೋ ಇತ್ತು, ಅದು ಅವನ ಹೆಂಡತಿಯ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಬೀದಿಗೆಲ್ಲ ಅವನು ತಡೀರಣ್ಣ. ಫೋನು ಕೊಳ್ಳಲು ನನ್ನ ಮೆಟ್ಟಿಲು ಹತ್ತುವವರಿಗೆಲ್ಲ ಅವನು ಹೇಳುತ್ತಿದ್ದ ಮೊದಲ ಮಾತು ಅದೇ: "ತಡೀರಿ."

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಶಾಲೆಯ ಟೀಚರ್ ಬಂದರು. ಗಟ್ಟಿ ಗಿರಾಕಿ. ನಾನು ಕಪಾಟಿನ ಬೀಗಕ್ಕೆ ಕೈ ಹಾಕಿಯಾಗಿತ್ತು.

"ಯಾವುದು ತಗೋತೀರಿ ಮೇಡಂ?" ಅರ ಉಜ್ಜುತ್ತಲೇ ಕೇಳಿದ.

ಟೀಚರ್ ಹೇಳಿದರು.

"ಅದಾ? ತಡೀರಿ. ಅದರ ತಮ್ಮ ಬರ್ತಾ ಇದಾನೆ. ಅಣ್ಣನಿಗಿಂತ ತೆಳ್ಳಗೆ, ಬ್ಯಾಟರಿ ಮಾತ್ರ ದಪ್ಪ."

"ಯಾವಾಗ ಬರೋದು?"

"ಚಿತ್ರ ಆಗಲೇ ಸೋರಿ ಹೊರಗೆ ಬಂದಿದೆ. ಹಿಂದುಗಡೆ ಕ್ಯಾಮೆರಾ ಮೂರಲ್ಲ, ಎರಡೇ ಅಂತೆ. ಪಕ್ಕದ ಬಟನ್ ವಿಷಯ ಇನ್ನೂ ಜಗಳದಲ್ಲಿದೆ."

"ಯಾರ್ಯಾರಿಗೆ ಜಗಳ?"

"ನಮ್ಮನಮ್ಮಲ್ಲೇ," ಅಂದ, ಫೋನು ಮಾಡುವ ಕಂಪನಿಯ ಮಾಲೀಕರಲ್ಲಿ ತಾನೂ ಒಬ್ಬ ಅನ್ನುವ ಹಾಗೆ.

ನಾನು ಒಳಗಿಂದ ಕೂಗಿದೆ: "ಮೇಡಂ, ಇವರ ಮಾತು ಕೇಳ್ತಾ ಕೂತರೆ ನಿಮ್ಮ ಫೋನನ್ನ ನಿಮ್ಮ ಮೊಮ್ಮಕ್ಕಳು ತಗೋಬೇಕಾಗುತ್ತೆ. ಒಳಗೆ ಬನ್ನಿ."

ಟೀಚರ್ ಬಂದರು. ಆದರೆ ಹೊಸ ಫೋನು ಕೊಳ್ಳಲಿಲ್ಲ. ಹಳೆಯದಕ್ಕೆ ಒಂದು ಚಾರ್ಜರ್, ಒಂದು ಗಾಜು, ಒಂದು ಕವರ್ ಕೊಂಡು ಹೋದರು. ಕಾಯುವವರು ಹಳೇ ಫೋನನ್ನು ಹೇಗಾದರೂ ಉಸಿರಾಡಿಸಿಕೊಂಡು ಇರಬೇಕಲ್ಲ! ಫೋನು ಮಾರಿದರೆ ನನಗೆ ಉಳಿಯುವುದಕ್ಕಿಂತ ಚಾರ್ಜರ್, ಗಾಜು, ಕವರ್ ಮಾರಿದರೆ ಉಳಿಯುವುದೇ ಹೆಚ್ಚು. ತಡೀರಣ್ಣನನ್ನು ನಾನು ಯಾಕೆ ಎಬ್ಬಿಸಲಿಲ್ಲ ಅನ್ನುವುದು ಈಗ ಅರ್ಥವಾಗಿರಬೇಕು. ಬಾಯಲ್ಲಿ ಬೈಯುತ್ತಿದ್ದೆ, ಅಷ್ಟೆ. ಬೈಯದಿದ್ದರೆ ಅವನಿಗೂ ಅನುಮಾನ ಬರುತ್ತಿತ್ತು.

ಮೊದಲು ಅವನು ಬೀಗದ ಕಾರ್ಖಾನೆಯಲ್ಲಿದ್ದ. ನಂಬರ್ ಒತ್ತಿದರೆ ತೆರೆಯುವ ಬೀಗಗಳು ಬಂದ ಮೇಲೆ ಕಾರ್ಖಾನೆಗೇ ಬೀಗ ಬಿತ್ತು. ಅಲ್ಲಿಂದ ತಂದದ್ದು ಎರಡು: ಅರ ಹಿಡಿಯುವ ಕೈ, ಮತ್ತೊಂದು ಹಟ. ಬೀಗ ನೋಡದೆ ಕೀ ಮಾಡುವುದಿಲ್ಲ ಅನ್ನುವ ಹಟ. ಬೇರೆಯವರು ಹಳೇ ಕೀಯನ್ನು ಯಂತ್ರಕ್ಕೆ ಕಚ್ಚಿಸಿ, ಚಹಾ ಆರುವುದರೊಳಗೆ ಹೊಸದು ಕೊಟ್ಟು ಕಳಿಸುತ್ತಾರೆ. ಇವನ ಹತ್ತಿರ ಅದು ನಡೆಯುತ್ತಿರಲಿಲ್ಲ.

"ಕೀ ತಂದಿದೀನಲ್ಲಯ್ಯ, ಇದರ ಥರಾನೇ ಇನ್ನೊಂದು ಮಾಡಿಕೊಡು."

"ಕೀ ನೋಡಿ ಕೀ ಮಾಡಿದರೆ ಆ ಕೀಗೆ ಈ ಕೀ ಹೊಂದುತ್ತೆ. ನಿಮಗೆ ತೆಗೀಬೇಕಾಗಿರೋದು ಬಾಗಿಲಲ್ವಾ?"

ಹೀಗೆ ಹೇಳಿ ಗಿರಾಕಿಯ ಜೊತೆ ಅವರ ಮನೆಗೇ ಹೊರಡುತ್ತಿದ್ದ. ಅಲ್ಲಿ ಬಾಗಿಲ ಮುಂದೆ ಮಂಡಿಯೂರಿ, ಹಾಕಿ ತಿರುಗಿಸಿ, ತೆಗೆದು ಉಜ್ಜಿ, ಮತ್ತೆ ಹಾಕಿ ತಿರುಗಿಸಿ, ಆಮೇಲೇ ಕೈಗೆ ಕೊಡುತ್ತಿದ್ದ. ಒಬ್ಬರಂತೂ ಇವನ ಕಾಟ ತಡೆಯಲಾರದೆ ಬೀರುವಿನ ಬಾಗಿಲನ್ನೇ ಕಳಚಿ ಕೈಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು.

ಕೀ ಇಲ್ಲದ ಹೊತ್ತಿನಲ್ಲಿ ಆ ಒಡೆದ ಗಾಜಿನೊಳಗೆ ಕಣ್ಣು ನೆಟ್ಟು, ಇನ್ನೂ ಹುಟ್ಟದ ಫೋನುಗಳ ಸುದ್ದಿ ಓದುತ್ತಿದ್ದ. ಯಾವ ಫೋನು ಎಷ್ಟು ತೂಕ, ಯಾವ ಬಣ್ಣ, ಎಲ್ಲಕ್ಕಿಂತ ಹೆಚ್ಚಾಗಿ ಯಾವ ಕಂಪನಿಯ ಸಿಮ್ಮಿಗೆ ಸಿಗುತ್ತದೆ. ನಮ್ಮಲ್ಲಿ ಕೆಲವು ಫೋನುಗಳನ್ನು ನೆಟ್‌ವರ್ಕ್ ಕಂಪನಿಗಳೇ ತಮ್ಮ ಸಿಮ್ಮಿಗೆ ಕಟ್ಟಿ ಮಾರುತ್ತವೆ. ಇನ್ನೊಬ್ಬರ ಸಿಮ್ ಹಾಕಿದರೆ ಅದು ಫೋನಲ್ಲ, ಬರೀ ಟಾರ್ಚು. ಬೀದಿಯಲ್ಲಿ ಯಾರೂ ಆ ಕಂಪನಿಗಳ ಹೆಸರು ಹೇಳುವುದಿಲ್ಲ, ಅಡ್ಡಹೆಸರೇ. ಎಲ್ಲರ ಹತ್ತಿರವೂ ಇರುವುದು ದೊಡ್ಡದು. ಹೊಸದಾಗಿ ಬಂದು ಹಾರಾಡುತ್ತಿರುವುದು ಚಿಕ್ಕದು. ಎಲ್ಲಕ್ಕಿಂತ ಮೊದಲು ಬಂದು, ಈಗ ಪಿಂಚಣಿಯವರ ಜೇಬಿನಲ್ಲಿ ಮಾತ್ರ ಉಳಿದಿರುವುದು ಮುದುಕ.

ಈ ಸುದ್ದಿಗಳ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅವನ ಹೆಂಡತಿ ನರ್ಸು. ಎರಡು ವರ್ಷದ ಹಿಂದೆ ಅವರಿಗೆ ಬೆಟ್ಟದಾಚೆಯ ಕಲ್ಲುಗಣಿಯ ಆಸ್ಪತ್ರೆಗೆ ವರ್ಗವಾಯಿತು. ಮನೆಯಲ್ಲಿ ಇದ್ದದ್ದೇ ಇಬ್ಬರು, ಈಗ ಒಬ್ಬನಾದ. ನರ್ಸಮ್ಮ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ದಿನ ಫೋನು. ಗಣಿಯಲ್ಲಿ ದೊಡ್ಡದರ ಸಿಗ್ನಲ್ಲು ನೀರಿನ ಟ್ಯಾಂಕಿನ ಕೆಳಗೆ ಮಾತ್ರ, ಅದೂ ಗಾಳಿಯ ಮರ್ಜಿ ನೋಡಿಕೊಂಡು, ಬರುತ್ತಿತ್ತು. ಸಂಜೆ ಕೆಲಸ ಮುಗಿಸಿ ಅವರು ಅಲ್ಲಿಗೆ ನಡೆದು ಬಂದು ನಿಲ್ಲಬೇಕು. ಇಲ್ಲಿ ಇವನು ಅರ ಕೆಳಗಿಟ್ಟು ಕಿವಿ ಒತ್ತಿಕೊಳ್ಳಬೇಕು.

"ಹಲೋ... ಕೇಳಿಸ್ತಾ?... ಟ್ಯಾಂಕ್ ಹತ್ರ ಬಂದ್ಯಾ?... ಏನು? ಯಾರು ಬಿದ್ರು?... ಓ, ಬಿದ್ದದ್ದು ಸಿಗ್ನಲ್ಲಾ... ಊಟ ಆಯ್ತು, ಊಟ! ಊ-ಟ!... ಹಲೋ? ಹಲೋ?"

ಕಟ್ ಆಗುತ್ತಿತ್ತು. ಮತ್ತೆ ಮಾಡುತ್ತಿದ್ದ. ಆ ಗಂಡ ಹೆಂಡಿರ ಮಾತಿನಲ್ಲಿ ಅರ್ಧ 'ಕೇಳಿಸ್ತಾ', ಉಳಿದರ್ಧ ಮುಂದಿನ ಫೋನು. ಟೀಚರ್‌ಗೆ ಹೇಳಿದ ಆ 'ತಮ್ಮ' ಬರಲಿದೆ, ತೆಳ್ಳಗಿದ್ದರೂ ಅದರ ಆಂಟೆನಾ ಗೋಡೆಯಾಚೆಯ ಸಿಗ್ನಲ್ಲನ್ನೂ ಎಳೆದು ತರುತ್ತದೆ, ದೊಡ್ಡದರ ಸಿಮ್ಮಿಗೆ ಖಂಡಿತ ಬರುತ್ತದೆ, ರೂಮಿನಲ್ಲೇ ಕೂತು ಮಾತಾಡಬಹುದು. ಅಲ್ಲಿಯವರೆಗೆ ತಡಿ. ಬೀದಿಗೆಲ್ಲ ಹೇಳುತ್ತಿದ್ದದ್ದನ್ನೇ ಹೆಂಡತಿಗೂ ಹೇಳುತ್ತಿದ್ದ, ನ್ಯಾಯವಂತ.

ಹೀಗಿರುವಾಗ ಗಣಿ ಆಸ್ಪತ್ರೆಯವರು ನರ್ಸಮ್ಮನನ್ನು ಕೇಳಿದರು: ಇನ್ನೂ ಮೂರು ವರ್ಷ ಇಲ್ಲೇ ಇರುವುದಾದರೆ ನಿಮ್ಮನ್ನು ದೊಡ್ಡ ನರ್ಸ್ ಮಾಡುತ್ತೇವೆ, ಇಲ್ಲದಿದ್ದರೆ ಊರಿಗೆ ಕಳಿಸುತ್ತೇವೆ. ಹೊಸ ಫೋನು ಬಿಡುಗಡೆಯಾದ ಮೇಲಿನ ಸೋಮವಾರವೇ ಉತ್ತರ ಕೊಡಬೇಕು. ನರ್ಸಮ್ಮ ಗಂಡನಿಗೆ ಬಿಡಿಸಿ ಹೇಳಿದ್ದರು: ದಿನಾ ಸಂಜೆ ಮನುಷ್ಯರ ಹಾಗೆ ಮಾತಾಡಲು ಆಗುವುದಾದರೆ ಇರುತ್ತೇನೆ, ಆಗದಿದ್ದರೆ ಆ ಕೆಲಸ ಬಿಟ್ಟು ಬರುತ್ತೇನೆ.

"ಅಕಸ್ಮಾತ್ ಆ ಫೋನು ದೊಡ್ಡದಕ್ಕೆ ಬರದೇ ಹೋದರೆ?" ನಾನು ಕೇಳಿದೆ.

"ಬರದಿದ್ರೆ ಅವಳು ವಾಪಸ್ ಬರ್ತಾಳೆ," ಅಂದ. ಅರದ ಸದ್ದು ಒಂದಿಷ್ಟೂ ತಪ್ಪಲಿಲ್ಲ.

ಬರೀ ಕೊಡು ತೊಗೊಳ್ಳುವುದರಲ್ಲೇ ನನ್ನ ಕೂದಲು ಬೆಳ್ಳಗಾಗಿದೆ. ಮುಂದಿನದು ಬರಲಿ ಅನ್ನುವ ಗಿರಾಕಿಯ ಮುಖ ನನಗೆ ಚೆನ್ನಾಗಿ ಗೊತ್ತು. ಕೆಲವರಿಗೆ ದುಡ್ಡು ಸಾಲದು, ಕೆಲವರಿಗೆ ಮನೆಯಲ್ಲಿ ಹೇಳುವ ಧೈರ್ಯ ಸಾಲದು. ಫೋನಿಗಾಗಿಯೇ ಕಾಯುವವರು ಬಹಳ ಕಡಿಮೆ. ತಡೀರಣ್ಣ ಮಾತ್ರ ಅಪ್ಪಟ ಫೋನಿಗೇ ಕಾಯುತ್ತಿದ್ದಾನೆ ಅಂದುಕೊಂಡಿದ್ದೆ. ಆ ದಿನ ಅವನ ದನಿಯಲ್ಲಿ ಚಿಂತೆ ಇರಬೇಕಾಗಿದ್ದ ಜಾಗ ಖಾಲಿ ಇತ್ತು. ಎಣಿಸಿಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿಬಿಟ್ಟೆ ಅನ್ನಿಸಿ ನಾನು ಕಪಾಟು ಒರೆಸತೊಡಗಿದೆ.

ಫೋನು ಬಿಡುಗಡೆಯಾದ ದಿನ ನನ್ನ ಮೆಟ್ಟಿಲ ಮುಂದೆ ಸಣ್ಣ ಸಂತೆಯೇ ನೆರೆಯಿತು. ತಡೀರಣ್ಣನ ಮಾತು ಒಂದೊಂದೇ ನಿಜವಾಗುತ್ತಾ ಹೋಯಿತು. ಕ್ಯಾಮೆರಾ ಎರಡೇ. ಜಗಳದಲ್ಲಿದ್ದ ಬಟನ್ ಕೊನೆಗೆ ಅವನು ಹೇಳಿದ ಎಡಗಡೆಯೇ. ಬಣ್ಣವೂ ಅವನು ಹೇಳಿದ ಮಾಸಲು ಹಸಿರೇ. ಪ್ರತಿಯೊಂದಕ್ಕೂ ಜನ ಅವನ ಬೆನ್ನು ತಟ್ಟಿದರು. ಕೊನೆಗೆ, ಯಾವ ಕಂಪನಿಯ ಸಿಮ್ಮಿಗೆ ಸಿಗುತ್ತದೆ ಅನ್ನುವುದು ಬಂತು. ಈ ವರ್ಷ ಚಿಕ್ಕದಕ್ಕೆ ಮಾತ್ರ. ಗಣಿಯ ಕಡೆ ಚಿಕ್ಕದರ ಒಂದು ಕಂಬವೂ ಇರಲಿಲ್ಲ.

ಬೆನ್ನು ತಟ್ಟಿದ ಕೈಗಳು ಹಿಂದಕ್ಕೆ ಹೋದವು. ಅವನ ಮಾತು ನಂಬಿ ಕಾದವರೆಲ್ಲ ದೊಡ್ಡದರ ಗಿರಾಕಿಗಳೇ.

"ಏನ್ರೀ ತಡೀರಣ್ಣ, ಇನ್ನೂ ತಡೀಬೇಕಾ?" ಅಂದರು ಟೀಚರ್.

"ಮುಂದಿನ ವರ್ಷದ್ದು ದೊಡ್ಡದಕ್ಕೂ ಬರುತ್ತಂತೆ ಮೇಡಂ..."

"ಅಷ್ಟರಲ್ಲಿ ನಾನೂ ನಿವೃತ್ತಿ ಆಗ್ತೀನಿ. ಮುದುಕನ ಸಿಮ್ಮೇ ಸಾಕಾಗುತ್ತೆ."

ಜನ ನಕ್ಕರು. ಅವನೂ ನಕ್ಕ. ನಿಜ ಹೇಳಬೇಕೆಂದರೆ, ಮಾನ ಹೋದವನ ನಗು ಅದಾಗಿರಲಿಲ್ಲ.

ಎರಡು ದಿನ ಬಿಟ್ಟು ನರ್ಸಮ್ಮ ಬಂದರು. ಬಸ್ಸಿಳಿದು ನೇರ ಅಂಗಡಿಗೇ. ಹೆಗಲಲ್ಲಿ ಚೀಲ, ಮುಖದ ಮೇಲೆ ಗಣಿಯ ದೂಳು.

"ಚೆನ್ನಾಗಿದೀರಾ ನರ್ಸಮ್ಮ?"

"ನನಗೇನು ಸಾವ್ಕಾರ್ರೇ, ಚೆನ್ನಾಗೇ ಇದೀನಿ. ನಿಮ್ಮ ಮೆಟ್ಟಿಲ ಮೇಲಿನ ಜ್ಯೋತಿಷಿಗಳು ಹೇಗಿದಾರೆ?"

ಜ್ಯೋತಿಷಿ ತಲೆ ಎತ್ತಲಿಲ್ಲ. "ಚಿಕ್ಕದಕ್ಕೆ ಮಾತ್ರ ಕೊಟ್ಟುಬಿಟ್ರು. ನಾನೇನು ಮಾಡ್ಲಿ? ಆ ಕೆಲಸ ಬೇಡ ಅಂತ ಹೇಳಿ ಬಂದುಬಿಡು."

ನರ್ಸಮ್ಮ ಚೀಲ ಕೆಳಗಿಟ್ಟು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ರೀ, ಸೋಮವಾರ ನಾನು ಹೇಳಬೇಕು. ನನಗೆ ಅಲ್ಲಿ ಇರೋಕೆ ಇಷ್ಟ. ಸುಳ್ಳು ಯಾಕೆ ಹೇಳಲಿ? ಕಲ್ಲು ಬಿದ್ದು ಕೈ ಜಜ್ಜಿಕೊಂಡು ಬಂದವರು ಡಾಕ್ಟರನ್ನ ಕೇಳಲ್ಲ, ನನ್ನನ್ನ ಕೇಳ್ತಾರೆ. ಆದರೆ ಗಂಡನ ಹತ್ರ ನಾಲ್ಕು ಮಾತಾಡೋಕೆ ಟ್ಯಾಂಕಿನ ಕೆಳಗೆ ನಿಂತು ಕಿರುಚೋದು ಇನ್ನು ನನ್ನ ಕೈಲಾಗಲ್ಲ. ನಿಮಗೆ ಹೊಟ್ಟೆ ಸರಿಯಾಗಿ ಖಾಲಿ ಆಗಲ್ಲ ಅನ್ನೋದು ಇಡೀ ಗಣಿಗೇ ಗೊತ್ತಾಗಿದೆ. ಲಾರಿ ಡ್ರೈವರ್‌ಗಳು ಔಷಧಿ ಹೇಳ್ತಾರೆ."

ನಾನು ಒಳಗೆ ಕೆಮ್ಮಿದೆ. ನಗು ಬಂದಾಗ ಕೆಮ್ಮುವುದು ವ್ಯಾಪಾರಸ್ಥರ ಅಭ್ಯಾಸ.

"ಅದಕ್ಕೇ ಹೇಳಿದ್ದು, ಬಂದುಬಿಡು ಅಂತ," ಅಂದ.

"ಬರ್ತೀನಿ. ಒಂದು ಮಾತಿಗೆ ಉತ್ತರ ಕೊಡಿ. ಎರಡು ವರ್ಷದಿಂದ ನನಗೆ ಫೋನ್ ಆರಿಸ್ತಾನೇ ಇದೀರಿ. ಒಂದು ಸಲ, ಒಂದೇ ಒಂದು ಸಲ, ಯಾವುದಾದ್ರೂ ಫೋನ್ ಹಿಡ್ಕೊಂಡು ಬಂದು ನನ್ನ ರೂಮಲ್ಲಿ ನಿಂತು ನೋಡಿದೀರಾ? ಯಾರದ್ದೋ ಮನೆ ಬೀರುಗೆ ಕೀ ಮಾಡೋಕೆ ಆ ಬೀರು ಮುಂದೆ ಮಂಡಿ ಊರ್ತೀರಿ. ನನ್ನ ಬಾಗಿಲಿಗೆ ಮಾತ್ರ ಇಲ್ಲೇ ಕೂತು ಉಜ್ಜುತ್ತಾ ಇದೀರಿ."

ಅರ ನಿಂತಿತು. ಅವನು ಕೈಯಲ್ಲಿದ್ದ ಕೀಯನ್ನು ಮೇಜಿನ ಮೇಲಿಟ್ಟ, ಎದ್ದ, ಇಷ್ಟು ವರ್ಷದಲ್ಲಿ ಮೊದಲ ಸಲ ಗಿರಾಕಿಯಾಗಿ ನನ್ನ ಅಂಗಡಿಯ ಒಳಗೆ ಬಂದ.

"ಸಾವ್ಕಾರ್ರೇ, ಮೂರೂ ಕಂಪನಿಯ ಸಿಮ್ ಕೊಡಿ. ತೋರಿಸೋದಕ್ಕೆ ಇಟ್ಟಿರೋ ಫೋನುಗಳನ್ನೂ ಕೊಡಿ. ನಾಡಿದ್ದು ತಂದುಕೊಡ್ತೀನಿ."

ತೋರಿಸುವ ಫೋನು ಅಂಗಡಿಯಿಂದ ಹೊರಗೆ ಕಳಿಸುವುದು ನನ್ನ ಪದ್ಧತಿಯಲ್ಲ. ಆದರೂ ಕೊಟ್ಟೆ. ಅವನ ಮೇಜನ್ನೂ ಅರಗಳನ್ನೂ ಒಳಗೆ ತೆಗೆದಿಟ್ಟುಕೊಂಡೆ. ಮಳೆ ಬಂದರೆ ನೆನೆಯುತ್ತವೆ ಅಂತ ಅವನಿಗೆ ಹೇಳಿದೆ. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಮಾರನೆಯ ದಿನ ಗಂಡ ಹೆಂಡತಿ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ನರ್ಸಮ್ಮನ ರೂಮು ಕ್ವಾರ್ಟರ್ಸಿನ ಸಾಲಿನಲ್ಲಿ ಕಟ್ಟಕಡೆಯದು, ಹಿಂಬದಿ ಬೆಟ್ಟದ ಇಳಿಜಾರಿಗೆ ಮುಖ ಮಾಡಿದ್ದು. ಅವರು ಡ್ಯೂಟಿಗೆ ಹೋದ ಮೇಲೆ ಇವನು ಬಾಗಿಲು ಹಾಕಿಕೊಂಡು ಕೆಲಸ ಶುರು ಮಾಡಿದ. ಕೀ ತಿರುಗಿಸಿ ನೋಡುವವನ ಹಾಗೆ ಒಂದೊಂದು ಸಿಮ್ಮನ್ನು ಒಂದೊಂದು ಫೋನಿಗೆ ಹಾಕಿ, ತೆಗೆದು, ಇನ್ನೊಂದಕ್ಕೆ ಹಾಕಿ, ಮಂಚದ ಮೇಲೆ, ಕಿಟಕಿಯ ಹತ್ತಿರ, ಸ್ಟೂಲಿನ ಮೇಲೆ ನಿಂತು, ನೆಲದ ಮೇಲೆ ಮಲಗಿ ನೋಡಿದ. ಚಿಕ್ಕದು ಸತ್ತಂತೆ ಬಿದ್ದಿತ್ತು. ದೊಡ್ಡದು ಒಮ್ಮೆ ಕಣ್ಣು ಬಿಟ್ಟು ಮುಚ್ಚಿಕೊಂಡಿತು. ಲೆಕ್ಕಕ್ಕಿರಲಿ ಅಂತ ಕೇಳಿ ಒಯ್ದಿದ್ದ ಮುದುಕನ ಸಿಮ್ಮನ್ನು ಕೊನೆಗೆ ಹಾಕಿದ.

ಅಂಗಡಿಯಲ್ಲಿ ನನ್ನ ಫೋನು ಗುಣುಗುಟ್ಟಿತು.

"ಸಾವ್ಕಾರ್ರೇ, ಕೇಳಿಸ್ತಾ?"

ಕೇಳಿಸುತ್ತಿತ್ತು. ಆ ರೂಮಿನ ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸುತ್ತಿತ್ತು.

"ಪಕ್ಕದಲ್ಲೇ ಕೂತ ಹಾಗಿದೆ. ಯಾವ ಫೋನು?"

"ನಿಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಬಟನ್ ಒತ್ತೋದು."

"ಸಿಮ್ಮು?"

"ಮುದುಕಂದು. ಬೆಟ್ಟದ ಇಳಿಜಾರಿನ ಕೆಳಗೆ ರೈಲು ಹಳಿ ಪಕ್ಕ ಅವರದ್ದೊಂದು ಹಳೇ ಕಂಬ ಇದೆ. ಇಲ್ಲಿಂದ ಕಾಣಿಸ್ತಿದೆ. ಈ ಗೋಡೆ ಕಡೆ ತಿರುಗಿ ನಿಂತರೆ ಪೂರ್ತಿ ಸಿಗ್ನಲ್."

ನನಗೆ ನಗು ತಡೆಯಲಾಗಲಿಲ್ಲ. ಇಡೀ ಗಣಿಯಲ್ಲಿ ಎಲ್ಲರೂ ಹಾಕಿಕೊಂಡ ದೊಡ್ಡದನ್ನೇ ಎಲ್ಲರೂ ಹಾಕಿಕೊಂಡು, ಎಲ್ಲರೂ ಟ್ಯಾಂಕಿನ ಕೆಳಗೆ ನಿಂತಿದ್ದರು. ಎರಡು ವರ್ಷದ ಜ್ಯೋತಿಷ್ಯಕ್ಕೆ ಉತ್ತರ ಈ ಬಟನ್ ಫೋನು! ಆದರೆ ಆ ಕಡೆ ಯಾರೂ ನಗುತ್ತಿರಲಿಲ್ಲ.

"ಅವಳು ಡ್ಯೂಟಿಯಲ್ಲಿದಾಳೆ. ಇನ್ನೂ ಗೊತ್ತಿಲ್ಲ."

"ಮತ್ತೆ ಓಡಿ ಹೋಗಿ ಹೇಳ್ರಿ! ಕುಣೀತಾರೆ."

"ಹೇಳಿದ್ರೆ ಇಲ್ಲೇ ಇರ್ತಾಳೆ."

ಟಿಕ್ ಟಿಕ್ ಟಿಕ್.

"ಮನೆಗೆ ಹೋದರೆ ಒಂದೇ ತಟ್ಟೆ ಸಾವ್ಕಾರ್ರೇ. ಒಂದು ತಟ್ಟೆ ತೊಳೆಯೋಕೆ ಬೇಜಾರು. ಎರಡಾದ್ರೆ ಅಷ್ಟು ಅನ್ನಿಸಲ್ಲ." ದನಿ ತಗ್ಗಿಸಿ, "ಇಲ್ಲಿ ಯಾವ ಫೋನೂ ನಡೆಯಲ್ಲ ಅಂದುಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ. ನನಗೊಬ್ಬನಿಗೆ ಗೊತ್ತಾಗಿದೆ. ನಾನು ಫೋನ್ ಮಾರೋನು ಕಣ್ರೀ, ನನ್ನನ್ನ ಇಂಥದ್ದೆಲ್ಲ ಕೇಳಬೇಡಿ. ಆ ಫೋನು ಮಾರಾಟ ಆಯ್ತೋ, ವಾಪಸ್ ಡಬ್ಬಿಗೆ ಹಾಕಬೇಕೋ, ಅಷ್ಟು ಹೇಳಿ."

ಅವನು ಫೋನು ಇಡಲಿಲ್ಲ. ಗಡಿಯಾರ ಒಂದೇ ಮಾತಾಡುತ್ತಿತ್ತು. ನಾನೂ ಇಡಲಿಲ್ಲ. ಆಮೇಲೆ ದೂರದಲ್ಲಿ ಚಪ್ಪಲಿಯ ಸದ್ದು, ಮೆಟ್ಟಿಲು ಹತ್ತುವುದು, ಹೊರಗೆ ಯಾರಿಗೋ "ನಾಳೆ ಬಂದು ಗಾಯದ ಪಟ್ಟಿ ಬದಲಾಯಿಸ್ಕೋ" ಅನ್ನುವುದು ಕೇಳಿಸಿತು. ಅವನಿಗೆ ಒಂದು ಬಟನ್ ಒತ್ತಿ ಫೋನನ್ನು ಜೇಬಿಗೆ ಹಾಕಲು ಬೇಕಾದಷ್ಟು ಹೊತ್ತಿತ್ತು. ಚಿಲಕ ಸದ್ದು ಮಾಡಿತು.

"ಊಟಕ್ಕೆ ಬಿಟ್ರು. ಯಾರ ಹತ್ರ ರೀ ಮಾತಾಡ್ತಿದೀರಿ? ರೂಮ್ ಒಳಗೆ ನಿಂತು?"

"ಸಾವ್ಕಾರ್ರು," ಅಂದ. "ತಗೋ, ಮಾತಾಡು. ಆ ಗೋಡೆ ಕಡೆ ತಿರುಗಿ ನಿಂತ್ಕೋ."

"ಹಲೋ ಸಾವ್ಕಾರ್ರೇ! ನಾನು ರೂಮಲ್ಲಿದೀನಿ! ಟ್ಯಾಂಕ್ ಹತ್ರ ಅಲ್ಲ! ಕಿರುಚ್ತಾನೂ ಇಲ್ಲ!"

"ಕಿರುಚ್ತಾ ಇದೀರಿ ನರ್ಸಮ್ಮ."

"ಅಯ್ಯೋ, ಅಭ್ಯಾಸ," ಅಂದರು, ಮೆಲ್ಲಗೆ.

ಸೋಮವಾರ ಅವರು ಇರುತ್ತೇನೆ ಅಂದರು. ತಡೀರಣ್ಣ ಒಬ್ಬನೇ ವಾಪಸ್ ಬಂದ. ಆ ಬಟನ್ ಫೋನಿನ ಜೊತೆಗೆ ಅಂಥದ್ದೇ ಇನ್ನೊಂದನ್ನು ಕೊಂಡ. ಎರಡು ತಗೊಂಡಿದ್ದಕ್ಕೆ ಕಡಿಮೆ ಮಾಡಿ ಅಂತ ಚೌಕಾಸಿ ಬೇರೆ. ಮೇಜು ವಾಪಸ್ ಕೊಡುವಾಗ ಅವನ ಮುಖ ನೋಡಿದೆ. ಗೆದ್ದವನದೂ ಅಲ್ಲ, ಸೋತವನದೂ ಅಲ್ಲ. ಒಂದು ಬೀಗ ತೆಗೆದುಕೊಟ್ಟು, ಆ ಬಾಗಿಲಿನಿಂದ ಬೇರೆಯವರು ಒಳಗೆ ಹೋಗುವುದನ್ನು ನೋಡಿ ಮನೆಗೆ ಬಂದವನ ಮುಖ.

ಈಗಲೂ ಮೆಟ್ಟಿಲ ಮೇಲೆ ಕೂರುತ್ತಾನೆ. ಈಗಲೂ ತಡೀರಿ ಅನ್ನುತ್ತಾನೆ. ಆದರೆ ಮುಂದಿನ ಫೋನಿನ ಮಾತೆತ್ತುವುದಿಲ್ಲ. "ತಡೀರಿ, ನಿಮ್ಮ ಮನೆ ಯಾವ ಕಡೆ? ಅಡುಗೆಮನೆಯಲ್ಲಿ ಮಾತಾಡ್ತೀರೋ, ಮಹಡಿ ಮೇಲೋ?" ಅಂತ ಕೇಳಿ, ನನ್ನ ಫೋನುಗಳನ್ನು ಗಿರಾಕಿಗಳ ಮನೆಗೇ ಒಯ್ದು ಮೂಲೆಮೂಲೆಯಲ್ಲಿ ನಿಲ್ಲಿಸಿ ಬರುತ್ತಾನೆ. ಟೀಚರ್ ಮನೆಯ ಅಟ್ಟವನ್ನೂ ಬಿಟ್ಟಿಲ್ಲವಂತೆ. ಫೋನು ಹೆಚ್ಚು ಹೋಗುತ್ತಿವೆ, ಚಾರ್ಜರು ಕಡಿಮೆ. ಒಟ್ಟು ಲೆಕ್ಕದಲ್ಲಿ ನನಗೇ ನಷ್ಟ.

ಸಂಜೆಯಾದರೆ ಅರ ಕೆಳಗಿಟ್ಟು ಆ ಬಟನ್ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಾನೆ. ಮೊದಲ ಕೆಲವು ದಿನ ಇಬ್ಬರಿಗೂ ಕಷ್ಟವಾಯಿತು. 'ಕೇಳಿಸ್ತಾ' ಹೋಯಿತು, ಮುಂದಿನ ಫೋನೂ ಹೋಯಿತು. ಉಳಿದ ಮಾತು ಬೇಗ ಖರ್ಚಾಗುತ್ತಿತ್ತು. ಹಿಂದೆ ಒಂದು ಕ್ಷಣ ಸುಮ್ಮನಿದ್ದರೂ ಕಟ್ ಆಯಿತು ಅಂದುಕೊಂಡು ಇಬ್ಬರೂ ಹಲೋ ಹಲೋ ಅನ್ನುತ್ತಿದ್ದರು.

ನಿನ್ನೆ ನಾನು ಷಟರ್ ಎಳೆಯಲು ಹೊರಗೆ ಬಂದಾಗ ಅವನು ಕಿವಿಗೆ ಫೋನು ಒತ್ತಿಕೊಂಡು ಸುಮ್ಮನೆ ಕೂತಿದ್ದ.

"ಕಟ್ ಆಯ್ತೇನ್ರೀ?" ಅಂದೆ.

ಅಲ್ಲ ಅಂತ ತಲೆಯಾಡಿಸಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದ:

"ತಟ್ಟೆ ತೊಳೀತಿದಾಳೆ."